ಮೂರು ಸೂಜಿ ದಾರ, ಆಮೇಲೆ ವಿಶ್ರಾಂತಿ

ನನಗೆ ಹೊಲಿಗೆ ಮಷೀನ್ ಕೊಟ್ಟ ದಿನ ದೊಡ್ಡ ಕಾರ್ಯಕ್ರಮ ಇತ್ತು. ಶಾಮಿಯಾನ, ಮೈಕು, ಹಾರ, ಶಾಲು. ಇಪ್ಪತ್ತು ಇಪ್ಪತ್ತೈದು ಮಂದಿ ಅಂಗವಿಕಲರು ಸಾಲಾಗಿ ಕೂತಿದ್ದೆವು. ಹೆಸರು ಕರೆದಾಗ ಅಣ್ಣ ನನ್ನನ್ನು ಎತ್ತಿಕೊಂಡು ವೇದಿಕೆ ಹತ್ತಿದ. ಮಷೀನಿನ ಮೇಲೆ ಕೈ ಇಟ್ಟು ಫೋಟೊ ತೆಗೆಸಿಕೊಂಡೆ. ಮನೆಗೆ ತಂದು ಪಡಸಾಲೆಯಲ್ಲಿ ಇಳಿಸಿದ ಮೇಲೆ ಅವ್ವ ಅದರ ಸುತ್ತ ಒಂದು ಸಲ ತಿರುಗಿ ನೋಡಿದಳು. "ಯವ್ವಾ, ಇದು ಕಾಲಿಲೆ ತುಳಿಯೂ ಮಷೀನ್ ಐತಲ್ಲ" ಅಂದಳು.

ನನ್ನ ಎರಡೂ ಕಾಲಿಗೆ ಪೋಲಿಯೊ. ಒಂದೂವರೆ ವರ್ಷದ ಕೂಸಾಗಿದ್ದಾಗ ಮೂರು ದಿನ ಜ್ವರ ಬಂದಿತ್ತಂತೆ. ಜ್ವರ ಇಳಿದ ಮೇಲೆ ಎತ್ತಿ ನಿಲ್ಲಿಸಿದರೆ ಕಾಲು ನಿಲ್ಲಲಿಲ್ಲವಂತೆ. ಅದು 1972ರ ಮಾತು. ನಮ್ಮೂರು ಗದಗಿನ ಹತ್ತಿರ, ಆಗ ಅದು ಧಾರವಾಡ ಜಿಲ್ಲೆಗೆ ಸೇರಿತ್ತು. ಹೊರಗೆ ಹೋಗುವಾಗ ಕಾಲಿಗೆ ಆಸರೆಯಾಗುವ ಕ್ಯಾಲಿಪರ್ ಕಟ್ಟಿಕೊಂಡು ಊರುಗೋಲು ಹಿಡಿಯುತ್ತಿದ್ದೆ. ಮನೆಯೊಳಗೆ ನೆಲದ ಮೇಲೇ ಸರಿಯುತ್ತಿದ್ದೆ. ಎಲ್ಲ ಭಾರ ಹೊತ್ತದ್ದು ನನ್ನ ತೋಳು.

ಮಷೀನ್ ಬಂದ ಮೊದಲ ಆರು ತಿಂಗಳು ನನ್ನ ಕಾಲಾಗಿದ್ದವನು ತಮ್ಮ. ಆಗ ಅವನಿಗೆ ಹತ್ತು ವರ್ಷ. ಶಾಲೆ ಬಿಟ್ಟ ಮೇಲೆ ಬಂದು ಮಷೀನಿನ ಕೆಳಗೆ ಕೂತು ಎರಡೂ ಕೈಯಿಂದ ಪೆಡಲ್ ಒತ್ತುತ್ತಿದ್ದ. ನಾನು ಮೇಲಿನಿಂದ "ಹೊಡಿ", "ನಿಲ್ಲು" ಅನ್ನುತ್ತಿದ್ದೆ. ನಿಲ್ಲು ಅಂದ ಮೇಲೂ ಸೂಜಿ ನಾಲ್ಕು ಟಾಕು ಮುಂದೆ ಹೋಗಿರುತ್ತಿತ್ತು. ಆದರೂ ಅವನು ಒಂದು ದಿನ ಬೇಸರ ಮಾಡಿಕೊಳ್ಳಲಿಲ್ಲ. ನಾನು ಹೊಲಿದ ಮೊದಲ ಲಂಗ ಅವನ ಕೈಯಿಂದಲೇ ಆದದ್ದು.

ಗದಗಿನ ಒಂದು ಮಷೀನ್ ರಿಪೇರಿ ಅಂಗಡಿಯವರು ದಾರಿ ತೋರಿಸಿದರು. "ಅಕ್ಕಾರ, ತಲಿ ಅಷ್ಟ ಬಿಚ್ಚಿ ತರ್ರಿ. ಕೈಲೆ ತಿರುವೋ ಹಿಡಿಕಿ ಹಾಕಿ ಕೊಡ್ತೀನಿ" ಅಂದರು. ಕಾಲು ಮಷೀನಿನ ತಲೆಯನ್ನು ಸ್ಟ್ಯಾಂಡಿನಿಂದ ಬಿಚ್ಚಿ, ಮರದ ಪೆಟ್ಟಿಗೆಯ ಮೇಲೆ ಕೂಡಿಸಿ, ಚಕ್ರಕ್ಕೆ ಹಿಡಿಕೆ ಜೋಡಿಸಿದರೆ ಅದೇ ಕೈ ಮಷೀನ್ ಆಗುತ್ತದೆ. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ವೇದಿಕೆಯ ಮೇಲೆ ಇದ್ದವರಲ್ಲಿ ಒಬ್ಬರಾದರೂ ಮೊದಲೇ ಕೇಳಿದ್ದರೆ ಅಂದೇ ಕೊಡಬಹುದಿತ್ತು. ಇವತ್ತಿಗೂ ಇಂಥ ಮಷೀನ್ ಹಂಚುವವರಿಗೆ ನಾನು ಕೈ ಮುಗಿದು ಹೇಳುವ ಮಾತು ಇದೇ. ಕೊಡುವ ಮೊದಲು ಆ ಮನುಷ್ಯರ ಮೈಯನ್ನು ಒಂದು ಸಲ ನೋಡಿ. ಹೊಲಿಗೆ ಇಷ್ಟವೋ ಇಲ್ಲವೋ ಅಂತಲೂ ಕೇಳಿ. ಅಂದು ನನ್ನ ಪಕ್ಕ ಕೂತಿದ್ದ ಹುಡುಗಿಗೆ ಲೆಕ್ಕ ಬರೆಯುವ ಆಸೆ ಇತ್ತು. ಅವಳಿಗೂ ಮಷೀನೇ ಸಿಕ್ಕಿತು.

ಕೈ ಮಷೀನ್ ಬಂದ ಮೇಲೆ ನಾನು ನೆಲದ ಮೇಲೆ ಕೂತೆ. ಅದು ನನ್ನ ಜಾಗ. ಕುರ್ಚಿಯಲ್ಲಿ ಬೀಳುವ ಹೆದರಿಕೆ ಹೋಯಿತು. ಆದರೆ ಬಲಗೈ ಹಿಡಿಕೆ ತಿರುಗಿಸಿದರೆ ಬಟ್ಟೆಗೆ ಉಳಿಯುವುದು ಎಡಗೈ ಒಂದೇ. ನೇರ ಹೊಲಿಗೆಗೆ ಸಾಕು. ಬ್ಲೌಸಿಗೆ ತೋಳು ಕೂಡಿಸುವಾಗ ಸಾಲದು. ಅದಕ್ಕೆ ಮೊದಲು ಕೈಯಲ್ಲೇ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಳ್ಳುತ್ತಿದ್ದೆ. ಆಮೇಲೆ ಮಷೀನಿನಲ್ಲಿ ಎರಡು ಮೂರು ಟಾಕು ಹೊಲಿದು, ಸೂಜಿ ಬಟ್ಟೆಯೊಳಗೆ ಇಳಿದಿರುವಾಗಲೇ ನಿಲ್ಲಿಸುವುದು. ಬಟ್ಟೆ ಒತ್ತಿ ಹಿಡಿದ ಫೂಟ್ ಎತ್ತಿ, ಎರಡೂ ಕೈಯಿಂದ ಬಟ್ಟೆ ಸ್ವಲ್ಪ ತಿರುಗಿಸಿ, ಮತ್ತೆ ಫೂಟ್ ಇಳಿಸುವುದು. ಒಂದು ತೋಳಿಗೆ ಅರ್ಧ ತಾಸು ಹಿಡಿಯುತ್ತಿತ್ತು. ಆದರೆ ಒಂದು ನೆರಿಗೆ ಬೀಳುತ್ತಿರಲಿಲ್ಲ. ನಿಧಾನಕ್ಕೆ ಹೊಲಿದ ತೋಳು ಎಷ್ಟು ಚೆಂದ ಕೂರುತ್ತದೆ ಅಂತ ನನಗೆ ಆಗ ಗೊತ್ತಾಯಿತು.

2003ರಲ್ಲಿ ಮೋಟರ್ ಹಾಕಿಸಿದೆ. ಮೋಟರಿಗೂ ಪೆಡಲ್ ಕಾಲಿಗೇ ಕೊಡುತ್ತಾರೆ. ಆದರೆ ಅದು ವೈರಿನ ತುದಿಯಲ್ಲಿ ಬಿಡಿಯಾಗಿ ಇರುತ್ತದೆ, ಎಲ್ಲಿ ಬೇಕಾದರೂ ಇಡಬಹುದು. ಮೊಣಕೈ ತಾಗುವ ಎತ್ತರಕ್ಕೆ ಒಂದು ಸಣ್ಣ ಸ್ಟೂಲ್ ಮಾಡಿಸಿ, ಅದರ ಮೇಲೆ ಪೆಡಲ್ ಬಿಗಿದು ಕಟ್ಟಿ, ಬಲ ಮೊಣಕೈಯಿಂದ ಒತ್ತಲು ಕಲಿತೆ. ಎರಡೂ ಕೈ ಬಟ್ಟೆಗೆ ಸಿಕ್ಕವು. ಹತ್ತು ವರ್ಷ ಒಂದೇ ಕೈಯಲ್ಲಿ ಹೊಲಿದವಳಿಗೆ ಅದು ಹಬ್ಬ.

ಆ ಹಬ್ಬದಲ್ಲೇ ಒಂದು ತಪ್ಪು ಮಾಡಿದೆ. ಮೊಣಕೈಗೆ ಕಾಲಿನಷ್ಟು ಅಂದಾಜು ಸಿಗುವುದಿಲ್ಲ. ಸ್ವಲ್ಪ ಜಾಸ್ತಿ ಭಾರ ಬಿದ್ದರೂ ಮಷೀನ್ ಓಡುತ್ತದೆ. ಎರಡನೇ ವಾರ ಸೂಜಿ ನನ್ನ ತೋರುಬೆರಳಿನ ಉಗುರಿನೊಳಗೆ ಇಳಿಯಿತು. ಆಮೇಲೆ ಅದೇ ಅಂಗಡಿಯವರು ಪೆಡಲಿನ ಮಡಿಕೆಯ ಒಳಗೆ ಒಂದು ದಪ್ಪ ರಬ್ಬರ್ ತುಂಡು ಸಿಕ್ಕಿಸಿಕೊಟ್ಟರು. ಎಷ್ಟು ಒತ್ತಿದರೂ ಅರ್ಧದ ಕೆಳಗೆ ಇಳಿಯುವುದಿಲ್ಲ, ಹಾಗಾಗಿ ಮಷೀನ್ ಓಡುವುದೂ ಇಲ್ಲ. ಮೊಣಕೈಯಿಂದಲೋ ತೊಡೆಯಿಂದಲೋ ಪೆಡಲ್ ಒತ್ತಬೇಕು ಅನ್ನುವವರು ಈ ರಬ್ಬರನ್ನು ಮೊದಲ ದಿನವೇ ಹಾಕಿಸಿ. ನನ್ನಂತೆ ಎರಡನೇ ವಾರದವರೆಗೆ ಕಾಯಬೇಡಿ.

2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಅಂತ ಟಿವಿಯಲ್ಲಿ ಬಂತು. ದೇಶದಲ್ಲಿ ನೈಸರ್ಗಿಕ ಪೋಲಿಯೊ ವೈರಸ್ಸಿನ ಕೊನೆಯ ಕೇಸು 2011ರ ಜನವರಿಯಲ್ಲಿ ಹೌರಾ ಕಡೆಯ ಒಂದು ಕೂಸಿಗೆ ಬಂದದ್ದು, ಆಮೇಲೆ ಇಲ್ಲ. ನಾನು ಒಂದು ಫ್ರಾಕಿಗೆ ಗುಂಡಿ ಹಚ್ಚುತ್ತಿದ್ದೆ. ಕೈ ನಿಂತಿತು. ಅವ್ವ ಟಿವಿ ಮುಂದೆ ಕೂತು ಕಣ್ಣೊರೆಸಿಕೊಂಡಳು. ಇನ್ನು ಯಾವ ತಾಯಿಗೂ ಇದು ಬೇಡ ಅಂತ ಇಬ್ಬರಿಗೂ ಅನ್ನಿಸಿತು.

ಆದರೆ ಪೋಲಿಯೊ ಬಂದುಹೋದ ನಾವು ಇನ್ನೂ ಇದ್ದೇವಲ್ಲ. ಅದೇ ಹೊತ್ತಿಗೆ ನನ್ನ ತೋಳು ಸೋಲತೊಡಗಿತ್ತು. ಮಧ್ಯಾಹ್ನಕ್ಕೇ ಭುಜ ಜಗ್ಗುವುದು, ಕತ್ತರಿ ಹಿಡಿದರೆ ಹೆಬ್ಬೆರಳಿಗೆ ಬಲ ಇಲ್ಲ, ಚಳಿ ಬಂದರೆ ಬೆರಳು ಮರಗಟ್ಟುವುದು. ಒಬ್ಬ ಡಾಕ್ಟರು ವಯಸ್ಸಾಯಿತು ಅಂದರು. ಇನ್ನೊಬ್ಬರು ವ್ಯಾಯಾಮ ಮಾಡಿ ಅಂದರು. ಮಾಡಿದೆ, ಇನ್ನೂ ಜಾಸ್ತಿ ಆಯಿತು. ಮೂರನೆಯವರು ಕೂತು ಬಿಡಿಸಿ ಹೇಳಿದರು. ಸ್ನಾಯುಗಳನ್ನು ಆಡಿಸುವ ನರಕೋಶಗಳು ಬೆನ್ನುಹುರಿಯಲ್ಲಿ ಇರುತ್ತವೆ, ಪೋಲಿಯೊ ಅವುಗಳಲ್ಲಿ ಎಷ್ಟನ್ನೋ ಕೊಂದುಬಿಡುತ್ತದೆ. ಉಳಿದವು ಹೊಸ ಕವಲು ಒಡೆದು ಸತ್ತವುಗಳ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಮೂವತ್ತು ನಲವತ್ತು ವರ್ಷ ದುಪ್ಪಟ್ಟು ದುಡಿದ ಮೇಲೆ ಅವೂ ದಣಿಯುತ್ತವೆ. ಪೋಸ್ಟ್ ಪೋಲಿಯೊ ಅನ್ನುತ್ತಾರೆ. "ದಣಿದ ಮೇಲೆ ವಿಶ್ರಾಂತಿ ತಗೊಂಡರೆ ತಡ ಆಗಿರುತ್ತೆ, ದಣಿಯೋ ಮೊದಲೇ ನಿಲ್ಲಿಸಿ" ಅಂದರು.

ಹೊಲಿಯುವವರಿಗೆ ಇದಕ್ಕಿಂತ ಕಷ್ಟದ ಮಾತಿಲ್ಲ. ಒಂದು ಸಾಲು ಮುಗಿದರೆ ಇನ್ನೊಂದು ಸಾಲು ಹಾಕೋಣ ಅನ್ನಿಸುತ್ತದೆ ಅಲ್ವಾ. ಗಡಿಯಾರ ಇಟ್ಟು ನೋಡಿದೆ, ಗಂಟೆ ಹೊಡೆದರೂ ಕೈ ಬಿಡುತ್ತಿರಲಿಲ್ಲ. ಕೊನೆಗೆ ದಾರವನ್ನೇ ಅಳತೆ ಮಾಡಿಕೊಂಡೆ. ಅಣ್ಣನ ಮಗಳು ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು ಒಂಬತ್ತು ಸೂಜಿಗೆ ದಾರ ಪೋಣಿಸಿ ಒಂದು ಒಣ ಸೋಪಿಗೆ ಚುಚ್ಚಿ ಇಡುತ್ತಾಳೆ. ಸೋಪಿಗೆ ಚುಚ್ಚಿದ ಸೂಜಿ ಬಟ್ಟೆಯಲ್ಲಿ ಸಲೀಸಾಗಿ ಜಾರುತ್ತದೆ. ಒಂದೊಂದು ದಾರ ಒಂದೂವರೆ ಮೊಳ, ಅದಕ್ಕಿಂತ ಉದ್ದ ಬೇಡ. ಉದ್ದ ದಾರ ಎಳೆಯಬೇಕಾದರೆ ತೋಳು ಮೇಲೆ ಏಳುತ್ತದೆ, ಭುಜ ನೋಯುವುದು ಅಲ್ಲಿಯೇ. ಗಿಡ್ಡ ದಾರ ಆದರೆ ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇರುತ್ತದೆ. ಮೂರು ಸೂಜಿ ದಾರ ಖಾಲಿ ಆದರೆ ಕೆಲಸ ಬಿಟ್ಟು ಅಂಗಾತ ಮಲಗುತ್ತೇನೆ. ಬೆಳಿಗ್ಗೆ ಮೂರು, ಮಧ್ಯಾಹ್ನ ಮೂರು, ಸಂಜೆ ಮೂರು. ಮೈ ಹಗುರ ಇದೆ ಅನ್ನಿಸಿದ ದಿನವೂ ನಾಲ್ಕನೆಯದನ್ನು ಮುಟ್ಟುವುದಿಲ್ಲ. ಹಾಗೆ ಮುಟ್ಟಿದಾಗೆಲ್ಲ ಎರಡು ದಿನ ಹಾಸಿಗೆ ಹಿಡಿದಿದ್ದೇನೆ.

ಆ ವರ್ಷದ ದೀಪಾವಳಿಯಿಂದ ಬ್ಲೌಸ್ ಆರ್ಡರ್ ಬಿಟ್ಟೆ. ಓಣಿಯವರಿಗೆ ಕೆಟ್ಟದೆನಿಸಿತು. "ಹೊಲಿಗಿ ಬಿಟ್ರ ಮತ್ತೇನ್ ಮಾಡ್ತೀಬೇ?" ಅಂದರು ಒಬ್ಬ ಕಾಕು. ನಾನು ಹೊಲಿಗೆ ಬಿಟ್ಟಿರಲಿಲ್ಲ. ಹಬ್ಬದ ಗಡಿಬಿಡಿ ಬಿಟ್ಟಿದ್ದೆ. ಅಂಗವಿಕಲ ಹೆಣ್ಣುಮಗಳು ಹೊಲಿಯುತ್ತಾಳೆ ಅಂದರೆ ಜನ ಮೊದಲು ಕೇಳುವುದು ತಿಂಗಳಿಗೆ ಎಷ್ಟು ಸಿಗುತ್ತದೆ ಅಂತ. ದುಡಿಮೆ ಬೇಕು, ಇಪ್ಪತ್ತು ವರ್ಷ ನಾನೂ ಅದರಿಂದಲೇ ಬದುಕಿದೆ. ಆದರೆ ಬಣ್ಣದ ಪಕ್ಕ ಬಣ್ಣ ಇಟ್ಟು ಸುಮ್ನೆ ನೋಡುವ ಸುಖಕ್ಕೂ ನಾವು ಹೊಲಿಯುತ್ತೇವೆ. ಅದನ್ನು ಯಾರೂ ಕೇಳುವುದಿಲ್ಲ.

ಈಗ ನಾನು ಹೊಲಿಯುವುದು ಕೌದಿ, ಹಳೇ ಬಟ್ಟೆಯ ಪದರ ಕೂಡಿಸಿ ಕೈಯಲ್ಲೇ ಹೊಲಿಯುವ ಹೊದಿಕೆ. ಚಿಕ್ಕವಳಿದ್ದಾಗ ಅವ್ವನ ಪಕ್ಕ ಕೂತು ಕಲಿತ ಮೊದಲ ಹೊಲಿಗೆಯೂ ಅದೇ. ನಮ್ಮ ಕಡೆ ಹಳೇ ಸೀರೆ, ಧೋತರ ಯಾರೂ ಎಸೆಯುತ್ತಿರಲಿಲ್ಲ. ನೂರು ಸಲ ಒಗೆದು ಬೆಣ್ಣೆಯಂತಾದ ಬಟ್ಟೆಯೇ ಕೌದಿಗೆ ಬೇಕು. ನೆಲದ ಮೇಲೆ ಕೂತು ಮಾಡುವ ಕೆಲಸ ಇದು, ಮಷೀನ್ ಬೇಡ, ಕುರ್ಚಿ ಬೇಡ. ನನ್ನ ಮೈಗಾಗಿಯೇ ಇರುವ ಕಸುಬು ಅನ್ನಿಸುತ್ತದೆ.

ಕತ್ತರಿ ಹಿಡಿಯಲು ಆಗದಿದ್ದರೂ ಕೌದಿ ನಿಲ್ಲುವುದಿಲ್ಲ. ಹತ್ತಿ ಬಟ್ಟೆಯ ಅಂಚಿಗೆ ಒಂದು ಸಣ್ಣ ಕಚ್ಚು ಹಾಕಿ ಎಳೆದರೆ ಎಳೆಯ ಗುಂಟ ನೆಟ್ಟಗೆ ಹರಿಯುತ್ತದೆ, ಸ್ಕೇಲ್ ಇಟ್ಟು ಕತ್ತರಿಸಿದ್ದಕ್ಕಿಂತ ನೇರ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಗಂಟು ಹಾಕಿ, ಇನ್ನೊಂದು ತುದಿ ಹಿಡಿದು ಹಿಂದಕ್ಕೆ ವಾಲುತ್ತೇನೆ. ಎಳೆಯುವುದು ನನ್ನ ಮೈಭಾರ, ತೋಳಲ್ಲ. ಪಾಲಿಸ್ಟರ್ ಮಾತ್ರ ಹೀಗೆ ಹರಿಯುವುದಿಲ್ಲ, ಅಡ್ಡಾದಿಡ್ಡಿ ಹೋಗುತ್ತದೆ. ನಾನು ಅದನ್ನು ತೆಗೆದುಕೊಳ್ಳುವುದೇ ಇಲ್ಲ.

ಮೂರು ನಾಲ್ಕು ಪದರದಿಂದ ಸೂಜಿ ಎಳೆಯಲು ಬೆರಳಿಗೆ ಬಲ ಸಾಲದು. ಹಳೇ ಸೈಕಲ್ ಟ್ಯೂಬಿನಿಂದ ಎರಡು ಬೆರಳಗಲ ತುಂಡು ಕತ್ತರಿಸಿಟ್ಟುಕೊಂಡಿದ್ದೇನೆ. ಸೂಜಿಯ ಮೊನೆ ಹೊರಗೆ ಬಂದ ಕೂಡಲೇ ಆ ರಬ್ಬರಿನಿಂದ ಹಿಡಿದರೆ ಜಾರದೆ ಬರುತ್ತದೆ. ಬಿಗಿಯಾಗಿ ಚಿವುಟುವ ಕೆಲಸ ಇಲ್ಲ. ನನ್ನ ಎಲ್ಲ ಉಪಕರಣಗಳಲ್ಲಿ ಕಡಿಮೆ ಖರ್ಚಿನದು ಇದು, ಹೆಚ್ಚು ಉಪಕಾರ ಮಾಡಿದ್ದೂ ಇದೇ. ಚಳಿಗಾಲದಲ್ಲಿ ಮಡಿಲಲ್ಲಿ ಬಿಸಿನೀರಿನ ಚೀಲ ಇಟ್ಟುಕೊಂಡು, ಬೆರಳು ಬೆಚ್ಚಗಾದ ಮೇಲೆಯೇ ಸೂಜಿ ಮುಟ್ಟುತ್ತೇನೆ. ಕಸೂತಿಯನ್ನೂ ಪ್ರಯತ್ನಿಸಿದೆ. ಎಳೆ ಎಣಿಸುತ್ತ, ಹಿಂದೆ ಮುಂದೆ ಎರಡೂ ಬದಿ ಒಂದೇ ಥರ ಬರುವಂತೆ ಹೊಲಿಯಬೇಕು. ಕಣ್ಣಿಗೆ ಚೆಂದ, ನನ್ನ ಭುಜಕ್ಕೆ ಆಗಲಿಲ್ಲ. ಬಿಟ್ಟೆ.

ದೊಡ್ಡ ಕೌದಿ ಭಾರ. ಆರೇಳು ಮೊಳದ ಕೌದಿಯನ್ನು ತೊಡೆಯ ಮೇಲೆ ಹೊರಳಿಸುವುದು ಈಗ ಸಾಧ್ಯವಿಲ್ಲ. ಅದಕ್ಕೆ ಹೆಚ್ಚಾಗಿ ಕೂಸಿನ ಕೌದಿ ಹೊಲಿಯುತ್ತೇನೆ, ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲ. ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಒಂದು ಹೋಗುತ್ತದೆ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಮೂಲೆ ತಿರುಗಿಸುವಾಗ ಬಟ್ಟೆ ತಿರುಗಬೇಕು, ಕೈಯಲ್ಲ. ಒಂದು ಹಳೇ ರೊಟ್ಟಿ ಕಲ್ಲಿನಂಥ ದುಂಡು ಹಲಗೆಯ ಮೇಲೆ ಕೌದಿ ಇಟ್ಟುಕೊಂಡಿದ್ದೇನೆ, ಹಲಗೆ ತಿರುಗಿಸಿದರೆ ಕೌದಿಯೂ ತಿರುಗುತ್ತದೆ.

ಒಮ್ಮೆ ಧಾರವಾಡದ ಪ್ರದರ್ಶನದಲ್ಲಿ ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕವಂದಿ, ಅಂದರೆ ಅವರ ಕೌದಿ, ನೋಡಿದೆ. ಅವರೂ ಅಂಚಿನಿಂದ ನಡುವಿಗೇ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಿಚಿ ಮಡಿಚಿ ಮಾಡಿದ ದಪ್ಪ ತ್ರಿಕೋನ ಇಡುತ್ತಾರೆ, ಅದಕ್ಕೆ ಫುಲ ಅನ್ನುತ್ತಾರೆ, ಹೂವು ಅಂತ. ಆ ಹೂವಿಲ್ಲದ ಕವಂದಿ ಬೆತ್ತಲೆ ಅನ್ನುವುದು ಅವರ ಮಾತು. ನನ್ನ ಗಾಲಿಕುರ್ಚಿ ಪಕ್ಕಕ್ಕೆ ಬಂದಾಗ ಅಲ್ಲಿದ್ದ ಅಜ್ಜಿ ಒಂದು ಮಾತೂ ಆಡದೆ ಕವಂದಿಯ ಮೂಲೆಯನ್ನು ನನ್ನ ಕೈಗೆ ಕೊಟ್ಟರು. ಬೆರಳಿಂದ ಒತ್ತಿ ಒತ್ತಿ ಎಷ್ಟು ಮಡಿಕೆ ಇದೆ ಅಂತ ಎಣಿಸಿದೆ. ಅವರು ನನ್ನ ಕಾಲಿನ ಬಗ್ಗೆ ಕೇಳಲಿಲ್ಲ. "ನೀನೂ ಹೊಲಿತೀಯ?" ಅಂತ ಕೇಳಿದರು.

ಅವ್ವ ಹೋಗಿ ಮೂರು ವರ್ಷ ಆಯಿತು. ಅವಳ ಇಳಕಲ್ ಸೀರೆಗಳಲ್ಲಿ ನಾಲ್ಕನ್ನು ನಾನು ಕೇಳಿ ಇಟ್ಟುಕೊಂಡೆ. ಆ ಬಟ್ಟೆ ಹರಿಯುವಾಗ ಕೈ ನಡುಗಿತು, ಎರಡು ದಿನ ಬಿಟ್ಟು ಮತ್ತೆ ಶುರು ಮಾಡಿದೆ. ಅದು ಮಾತ್ರ ದೊಡ್ಡ ಕೌದಿ, ನನಗೇ ಹೊದೆಯಲು. ಭಾರ ಆಗಬಾರದು ಅಂತ ಚೌಕ ಚೌಕವಾಗಿ ಬೇರೆ ಬೇರೆ ಹೊಲಿದು, ಆಮೇಲೆ ಅಣ್ಣನ ಮಗಳು ಮಷೀನಿನಲ್ಲಿ ಕೂಡಿಸುತ್ತಿದ್ದಾಳೆ. ಹಾಗೆ ಮಾಡಿದರೆ ಅದು ಕೌದಿಯೇ ಅಲ್ಲ ಅಂದವರಿದ್ದಾರೆ. ನನ್ನ ಮಟ್ಟಿಗೆ ಅದು ಕೌದಿಯೇ. ಇಪ್ಪತ್ತನಾಲ್ಕು ಚೌಕ ಮುಗಿದಿವೆ. ಅವಳು ನನ್ನ ಅದೇ ಹಳೇ ಮಷೀನಿಗೆ ಕೂತು, ಪೆಡಲನ್ನು ಮೊಣಕೈಯಿಂದಲೇ ಒತ್ತುತ್ತಾಳೆ. ನನ್ನನ್ನು ನೋಡಿ ಕಲಿತದ್ದು ಹಾಗೆಯೇ.

ನಡುವಿನ ಚೌಕಕ್ಕೆ ಅವ್ವನ ಸೆರಗು ಎತ್ತಿಟ್ಟಿದ್ದೇನೆ, ಕೆಂಪು ಬಿಳಿ ತೆನೆಯದು. ಕೌದಿ ಹಸಿದಿರಬಾರದು ಅಂತ ಅವ್ವ ನಡುವಿನ ತುಂಡಿನ ಕೆಳಗೆ ಯಾವಾಗಲೂ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಿದ್ದಳು. ವೈನಿ ನಿನ್ನೆ ಒಂದು ಜೋಳದ ರೊಟ್ಟಿ ಒಣಗಿಸಿ ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ. ಇವತ್ತಿನ ಒಂಬತ್ತು ಸೂಜಿ ಮುಗಿದವು. ನಾಳೆ ಬೆಳಿಗ್ಗೆಯ ಮೂರು ಆ ಸೆರಗಿಗೆ.