ಮಗುವಿನ ಹಲ್ಲಿನ ಕ್ಲಿಪ್: ಬೇರೆಯಾದ ತಂದೆ ತಾಯಿ ಖರ್ಚು ಹಂಚಿಕೊಳ್ಳುವುದು ಹೇಗೆ?

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ರಾಜಿಪತ್ರ ಬರೆಯುವಾಗ ಮಗು ಚಿಕ್ಕದಿದ್ದರೆ ಶಾಲಾ ಶುಲ್ಕ, ತಿಂಗಳ ಜೀವನಾಂಶ, ರಜೆಯ ಭೇಟಿ ಎಲ್ಲವೂ ಅದರಲ್ಲಿ ಸೇರುತ್ತವೆ. ಹಲ್ಲಿಗೆ ಕ್ಲಿಪ್ ಹಾಕಿಸುವ ಮಾತು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಮಗುವಿಗೆ ಹನ್ನೆರಡೋ ಹದಿಮೂರೋ ತುಂಬಿ, ಸಾವಿರಗಟ್ಟಲೆ ರೂಪಾಯಿಯ ಅಂದಾಜು ಪಟ್ಟಿ ಕೈಗೆ ಬಂದಾಗ ಜಗಳ ಶುರುವಾಗುತ್ತದೆ. ಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ನಡೆಯುವುದರಿಂದ, ಹಣದ ಲೆಕ್ಕವನ್ನು ಮೊದಲ ಬ್ರಾಕೆಟ್ (ತಂತಿ ಹಿಡಿಸಲು ಹಲ್ಲಿಗೆ ಅಂಟಿಸುವ ಚಿಕ್ಕ ತುಣುಕು) ಅಂಟಿಸುವುದಕ್ಕೆ ಮುಂಚೆಯೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಮೊದಲಿಗೆ ಡಿಕ್ರಿಯನ್ನೂ (ನ್ಯಾಯಾಲಯದ ವಿಚ್ಛೇದನ ಆದೇಶ) ರಾಜಿಪತ್ರವನ್ನೂ ಹೊರತೆಗೆದು ಓದಬೇಕು. ‘ವೈದ್ಯಕೀಯ ವೆಚ್ಚವನ್ನು ಇಬ್ಬರೂ ಸಮನಾಗಿ ಭರಿಸತಕ್ಕದ್ದು’ ಎಂಬ ಸಾಲಿದ್ದರೆ ಮಾತು ಸಲೀಸಾಗುತ್ತದೆ. ತಿಂಗಳಿಗೆ ಇಷ್ಟು ಎಂದು ಮಾತ್ರ ಬರೆದಿದ್ದರೆ, ಕೊಡುವವರು ‘ಅದರಲ್ಲೇ ಎಲ್ಲ ಸೇರಿದೆ’ ಎನ್ನುತ್ತಾರೆ, ಪಡೆಯುವವರು ‘ಇದು ಬೇರೆ’ ಎನ್ನುತ್ತಾರೆ. ಹಿಂದೂಗಳಿಗೆ ಅನ್ವಯಿಸುವ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಜೀವನಾಂಶ ಎಂದರೆ ಅನ್ನ, ಬಟ್ಟೆ, ವಸತಿ, ಶಿಕ್ಷಣದ ಜೊತೆಗೆ ವೈದ್ಯಕೀಯ ಚಿಕಿತ್ಸೆಯೂ ಹೌದು. ಮಕ್ಕಳನ್ನು ಸಾಕುವ ಹೊಣೆಯನ್ನು ಅದರ 20ನೇ ಕಲಮು ತಂದೆ ತಾಯಿ ಇಬ್ಬರ ಮೇಲೂ ಹೊರಿಸುತ್ತದೆ.

ಎರಡನೆಯದು, ಚಿಕಿತ್ಸೆ ಬೇಕೇ ಎಂಬ ಪ್ರಶ್ನೆ. ‘ಚೆಂದಕ್ಕೆ ಹಾಕಿಸುವುದಕ್ಕೆ ನಾನೇಕೆ ಕೊಡಲಿ’ ಎಂಬ ಆಕ್ಷೇಪಕ್ಕೆ ಉತ್ತರ ಕೊಡಬೇಕಾದವರು ದಂತವೈದ್ಯರೇ ಹೊರತು ಮಾಜಿ ಸಂಗಾತಿಯಲ್ಲ. ಕಚ್ಚುವಿಕೆ ಸರಿಯಿಲ್ಲವೇ, ಮುಂದಿನ ಹಲ್ಲು ಚಾಚಿಕೊಂಡು ಪೆಟ್ಟು ತಗಲುವ ಅಪಾಯವಿದೆಯೇ, ಉಜ್ಜಲಾಗದಷ್ಟು ಒತ್ತಾಗಿ ಹಲ್ಲುಗಳು ಹುಟ್ಟಿವೆಯೇ ಎಂಬುದನ್ನು ಹಲ್ಲು ನೇರಗೊಳಿಸುವ ತಜ್ಞರಾದ ಆರ್ಥೊಡಾಂಟಿಸ್ಟ್ ಅವರಿಂದ ಬರಹದಲ್ಲಿ ಪಡೆಯಿರಿ. ಸಾಧ್ಯವಾದರೆ ಇಬ್ಬರೂ ಒಂದೇ ದಿನ ಹೋಗಿ ಕೇಳಿ; ಆಗದಿದ್ದರೆ ಇನ್ನೊಬ್ಬರು ತಮಗೆ ಬೇಕಾದ ಕಡೆ ಎರಡನೇ ಅಭಿಪ್ರಾಯ ಪಡೆಯಲಿ.

ಅಂದಾಜು ಪಟ್ಟಿಯಲ್ಲಿ ಒಂದೇ ಮೊತ್ತ ನಮೂದಿಸಿದ್ದರೆ ಬಿಡಿಸಿ ಬರೆದುಕೊಡುವಂತೆ ಕೇಳಿಕೊಳ್ಳಿ. ಎಕ್ಸ್‌ರೇ, ಹಲ್ಲಿನ ಅಚ್ಚು, ಅಗತ್ಯವಿದ್ದರೆ ಹಲ್ಲು ಕೀಳುವುದು, ಕ್ಲಿಪ್, ತಿಂಗಳ ತಪಾಸಣೆ, ಹಲ್ಲು ಮತ್ತೆ ಸರಿಯದಂತೆ ಕೊನೆಯಲ್ಲಿ ಹಾಕುವ ರಿಟೇನರ್ ಇವೆಲ್ಲ ಆ ಮೊತ್ತದೊಳಗೆ ಇವೆಯೇ ಎಂಬುದು ಸ್ಪಷ್ಟವಾಗಬೇಕು. ಲೋಹದ ಕ್ಲಿಪ್ ಅಗ್ಗ, ಸೆರಾಮಿಕ್ ಮತ್ತು ಪಾರದರ್ಶಕ ಅಲೈನರ್ (ಹಲ್ಲಿನ ಮೇಲೆ ತೊಡಿಸುವ ಕವಚ) ದುಬಾರಿ. ಒಬ್ಬರು ದುಬಾರಿಯದನ್ನೇ ಬಯಸಿದರೆ, ಲೋಹದ ಕ್ಲಿಪ್ಪಿನ ದರವನ್ನು ಹಂಚಿಕೊಂಡು ಹೆಚ್ಚಳವನ್ನು ಬಯಸಿದವರೇ ಭರಿಸುವುದು ನ್ಯಾಯ. ಇಬ್ಬರಿಗೂ ಹೊರೆ ಎನಿಸಿದರೆ ದಂತವೈದ್ಯಕೀಯ ಕಾಲೇಜಿಗೆ ಹೋಗಬಹುದು. ಅಲ್ಲಿ ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಚಿಕಿತ್ಸೆ ನೀಡುವುದರಿಂದ ಶುಲ್ಕ ಕಡಿಮೆ. ಆರೋಗ್ಯ ವಿಮೆಯನ್ನು ಬಹಳ ನೆಚ್ಚಿಕೊಳ್ಳಬೇಡಿ. ಅಪಘಾತದಿಂದಾದದ್ದಲ್ಲದ ಹಲ್ಲಿನ ಚಿಕಿತ್ಸೆಯನ್ನು ಸಾಮಾನ್ಯ ಪಾಲಿಸಿಗಳು ಹೊರಗಿಡುವುದೇ ಹೆಚ್ಚು.

ಇನ್ನು ಪಾಲು. ಸಮಪಾಲು ಕೇಳುವುದಕ್ಕೆ ಸರಳ, ಆದರೆ ಆದಾಯದಲ್ಲಿ ಅಂತರವಿದ್ದಾಗ ಅದು ಒಬ್ಬರಿಗೆ ಭಾರವಾಗುತ್ತದೆ. ಒಬ್ಬರಿಗೆ ತಿಂಗಳಿಗೆ 60,000 ರೂಪಾಯಿ, ಇನ್ನೊಬ್ಬರಿಗೆ 40,000 ರೂಪಾಯಿ ಬರುತ್ತದೆ ಎಂದುಕೊಳ್ಳಿ. ಚಿಕಿತ್ಸೆಗೆ 70,000 ರೂಪಾಯಿ ಆದರೆ ಆದಾಯದ ಅನುಪಾತದಲ್ಲಿ ಮೊದಲನೆಯವರ ಪಾಲು 42,000, ಎರಡನೆಯವರದು 28,000.

ಒಪ್ಪಿದ್ದನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಇಮೇಲ್‌ನಲ್ಲೂ ಕಳುಹಿಸಿಕೊಳ್ಳಿ. ದೊಡ್ಡ ಮೊತ್ತ ಯಾರೂ ಮರೆಯುವುದಿಲ್ಲ. ತಕರಾರು ಹುಟ್ಟುವುದು ಚಿಲ್ಲರೆ ಬಾಬ್ತುಗಳಲ್ಲಿ. ಶನಿವಾರ ಅಪ್ಪನ ಮನೆಯಲ್ಲಿ ಚಕ್ಕುಲಿ ಕಡಿದು ಬ್ರಾಕೆಟ್ ಕಿತ್ತುಬಂದರೆ ಮರುಅಂಟಿಸುವ ಶುಲ್ಕ ಯಾರದು, ಶಾಲೆಯ ಊಟದ ಡಬ್ಬಿಯೊಂದಿಗೆ ರಿಟೇನರ್ ಕಳೆದುಹೋದರೆ ಹೊಸದನ್ನು ಮಾಡಿಸುವವರು ಯಾರು, ತಪಾಸಣೆಯ ದಿನ ಭೇಟಿಯ ದಿನವೇ ಬಂದರೆ ಕರೆದೊಯ್ಯುವವರು ಯಾರು ಎಂಬುದನ್ನೂ ಬರೆದಿಡಿ. ಯಾರ ಮನೆಯಲ್ಲಿ ಮುರಿಯಿತು ಎಂದು ವಿಚಾರಣೆ ನಡೆಸುವುದಕ್ಕಿಂತ ಅವನ್ನೂ ಅದೇ ಅನುಪಾತದಲ್ಲಿ ಹಂಚಿಕೊಳ್ಳುವುದು ಲೇಸು.

ಹಣವನ್ನು ಪರಸ್ಪರ ಕೊಡುವುದಕ್ಕಿಂತ ತಂತಮ್ಮ ಪಾಲನ್ನು ಕಂತಿನಂತೆ ನೇರವಾಗಿ ಕ್ಲಿನಿಕ್ಕಿಗೇ ಕಟ್ಟಿ, ರಸೀದಿಯನ್ನು ಮಗುವಿನ ಹೆಸರಿನಲ್ಲಿ ಪಡೆದು ಇನ್ನೊಬ್ಬರಿಗೆ ಫೋಟೊ ಕಳುಹಿಸಿ. ‘ಅಪ್ಪನ ಹತ್ತಿರ ದುಡ್ಡು ಕೇಳು’ ಎಂದು ಮಗುವಿನ ಕೈಯಲ್ಲಿ ಹೇಳಿಕಳುಹಿಸುವುದು ಮಾತ್ರ ಬೇಡವೇ ಬೇಡ.

ಇಷ್ಟಾದರೂ ಒಬ್ಬರು ಒಪ್ಪದಿದ್ದರೆ ಮೊದಲು ಅಂದಾಜು ಪಟ್ಟಿ ಲಗತ್ತಿಸಿ ಲಿಖಿತವಾಗಿ ಕೇಳಿ. ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆಗೆ ಯತ್ನಿಸಬಹುದು. ಮಹಿಳೆಯರಿಗೂ ಮಕ್ಕಳಿಗೂ ಅಲ್ಲಿ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100. ಕೊನೆಯ ದಾರಿ ಕೌಟುಂಬಿಕ ನ್ಯಾಯಾಲಯ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಮಗುವಿನ ಪೋಷಣೆಯ ಆದೇಶವನ್ನು ಡಿಕ್ರಿಯ ನಂತರವೂ ಬದಲಿಸುವಂತೆ ಕೋರಬಹುದು. ಎಲ್ಲ ಧರ್ಮದವರಿಗೂ ತೆರೆದಿರುವ ಬಾಗಿಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿರುವುದರಿಂದ, ಸಂಬಳದ ಚೀಟಿಗಳನ್ನೂ ಕ್ಲಿನಿಕ್ಕಿನ ರಸೀದಿಗಳನ್ನೂ ಒಂದೇ ಕಡತದಲ್ಲಿ ಇಟ್ಟುಕೊಂಡಿರಿ.

ಮಗುವಿಗೆ ಹದಿನಾರು ದಾಟಿದ ಮೇಲೆ ಚಿಕಿತ್ಸೆ ಆರಂಭಿಸುವುದಾದರೆ ಒಪ್ಪಂದಕ್ಕೆ ಇನ್ನೊಂದು ಸಾಲು ಸೇರಿಸಬೇಕು: ನಡುವೆ ಹದಿನೆಂಟು ತುಂಬಿದರೂ ರಿಟೇನರ್ ಸೇರಿದಂತೆ ಉಳಿದ ಕಂತುಗಳನ್ನು ಇಬ್ಬರೂ ಇದೇ ಅನುಪಾತದಲ್ಲಿ ಕಟ್ಟತಕ್ಕದ್ದು.