ಕಿವಿಗೆ ಬಿದ್ದ ಸದ್ದು ಮೆದುಳಿನ ಮೇಲ್ಪದರ ತಲುಪುವುದು ಹೇಗೆ?

ನಿಮ್ಮ ಬಲಗಡೆ ಯಾರೋ ಚಪ್ಪಾಳೆ ತಟ್ಟಿದರು ಅಂತಿಟ್ಟುಕೊಳ್ಳಿ. ಥಟ್ಟನೆ ಆ ಕಡೆ ತಿರುಗುತ್ತೀರಿ. ಅಷ್ಟರಲ್ಲೇ ಆ ಸದ್ದು ಎಷ್ಟೋ ನಿಲ್ದಾಣ ದಾಟಿರುತ್ತದೆ. ಅದರ ಹಿಂದೆಯೇ ಒಂದೊಂದು ಹೆಜ್ಜೆ ಹೋಗೋಣ. ಮೆದುಳಿನ ಆಳದಲ್ಲಿರುವ ಥಲಾಮಸ್ ಅನ್ನುವ ಭಾಗದ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ, ಯಾಕೆಂದರೆ ಅದನ್ನು ಸುಮ್ನೆ 'ಸಂಕೇತ ದಾಟಿಸುವ ಕೇಂದ್ರ' ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುವುದೇ ಹೆಚ್ಚು, ಅಲ್ಲಿ ನಡೆಯುವ ಕೆಲಸ ಅದಕ್ಕಿಂತ ಎಷ್ಟೋ ದೊಡ್ಡದು.

ಮೊದಲ ಹೆಜ್ಜೆ ಕಿವಿಯೊಳಗೆ. ಕಿವಿಯ ತಮಟೆ ಅದುರುತ್ತದೆ. ಅದರ ಹಿಂದಿನ ಮೂರು ಪುಟ್ಟ ಮೂಳೆಗಳು ಆ ಕಂಪನವನ್ನು ಒಳಕಿವಿಯ ಕಾಕ್ಲಿಯಾಗೆ ಮುಟ್ಟಿಸುತ್ತವೆ. ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿರುವ ಈ ಕಾಕ್ಲಿಯಾದ ಒಳಗೆ ಸುಮಾರು 35 ಮಿಲಿಮೀಟರ್ ಉದ್ದದ ಪೊರೆಯೊಂದಿದೆ. ಕೀರಲು ದನಿಗೆ ಅದರ ಬುಡ ಅದುರುತ್ತದೆ, ದಪ್ಪ ದನಿಗೆ ತುದಿ. ಇದನ್ನು ಪ್ರಯೋಗ ಮಾಡಿ ತೋರಿಸಿದ ವಿಜ್ಞಾನಿ ಜಾರ್ಜ್ ವಾನ್ ಬೆಕೆಸಿಗೆ 1961ರಲ್ಲಿ ನೊಬೆಲ್ ಸಿಕ್ಕಿತು. ಪೊರೆಯ ಮೇಲಿನ ಕೂದಲುಕೋಶಗಳು ಕಂಪನವನ್ನು ವಿದ್ಯುತ್ ಸಂಕೇತ ಮಾಡುತ್ತವೆ, ಶ್ರವಣ ನರದ ಸುಮಾರು 30,000 ತಂತುಗಳು ಅದನ್ನು ಹೊತ್ತು ಹೊರಡುತ್ತವೆ.

ಎರಡನೇ ಹೆಜ್ಜೆ ಮೆದುಳಿನ ಬುಡದಲ್ಲಿರುವ ಮೆದುಳುಕಾಂಡ. ಇಲ್ಲಿ ಹೆಚ್ಚಿನ ತಂತುಗಳು ಎದುರು ಬದಿಗೆ ದಾಟುತ್ತವೆ, ಕೆಲವು ಅದೇ ಬದಿಯಲ್ಲಿ ಉಳಿಯುತ್ತವೆ. ಹಾಗಾಗಿಯೇ ಮೆದುಳಿನ ಒಂದು ಬದಿಗೆ ಪೆಟ್ಟಾದರೂ ಒಂದು ಕಿವಿ ಪೂರ್ತಿ ಕಿವುಡಾಗುವುದಿಲ್ಲ. ಎರಡೂ ಕಿವಿಯ ಲೆಕ್ಕ ತಾಳೆ ನೋಡುವುದೂ ಇಲ್ಲೇ. ಚಪ್ಪಾಳೆ ಬಲಗಿವಿಗೆ ಮೊದಲು ಬಿತ್ತು, ಎಡಗಿವಿಗೆ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ತಡವಾಗಿ ಬಿತ್ತು. ಅಷ್ಟು ಚಿಕ್ಕ ಅಂತರ ಸಾಕು, ಸದ್ದು ಯಾವ ಕಡೆಯದು ಅಂತ ಗೊತ್ತಾಗಲು. ಆಮೇಲೆ ಬಹುತೇಕ ಎಲ್ಲ ದಾರಿಗಳೂ ನಡುಮೆದುಳಿನ ಇನ್ಫೀರಿಯರ್ ಕಾಲಿಕ್ಯುಲಸ್ ಅನ್ನುವ ಭಾಗದಲ್ಲಿ ಸೇರಿ ಮೇಲಕ್ಕೆ ಹೋಗುತ್ತವೆ.

ಈಗ ಥಲಾಮಸ್. ಸದ್ದಿಗೆಂದೇ ಇರುವ ಅದರ ಭಾಗದ ಹೆಸರು ಮೀಡಿಯಲ್ ಜೆನಿಕ್ಯುಲೇಟ್ ಬಾಡಿ. ಹೆಸರು ಉದ್ದ, ಗಾತ್ರ ಚಿಕ್ಕದು. ಇದರಲ್ಲಿ ಮೂರು ಪಾಲುಗಳಿವೆ, ಮೂರಕ್ಕೂ ಬೇರೆ ಬೇರೆ ಕೆಲಸ.

ಕೆಳಗಿನ ಪಾಲು ಅಚ್ಚುಕಟ್ಟು. ಕಾಕ್ಲಿಯಾದಲ್ಲಿ ಅಕ್ಕಪಕ್ಕ ಇದ್ದ ದನಿಗಳು ಇಲ್ಲೂ ಅಕ್ಕಪಕ್ಕವೇ ಇರುತ್ತವೆ, ಅದೇ ಕ್ರಮದಲ್ಲಿ ಮೆದುಳಿನ ಮೇಲ್ಪದರದಲ್ಲಿ (ಇದನ್ನೇ ಕಾರ್ಟೆಕ್ಸ್ ಅನ್ನುವುದು) ಸದ್ದಿಗೆಂದಿರುವ ಪ್ರಾಥಮಿಕ ಶ್ರವಣ ಕಾರ್ಟೆಕ್ಸ್‌ಗೆ, ಮುಖ್ಯವಾಗಿ ಅದರ ನಾಲ್ಕನೇ ಪದರಕ್ಕೆ, ಹೋಗುತ್ತವೆ. ಮೇಲಿನ ಪಾಲು ಆ ಕಾರ್ಟೆಕ್ಸ್‌ನ ಸುತ್ತಲಿನ ಪ್ರದೇಶಗಳ ಜೊತೆ ಮಾತಾಡುತ್ತದೆ. ಒಳಬದಿಯ ಪಾಲು ಮಾತ್ರ ಬೇರೆ ಥರ. ಅದಕ್ಕೆ ಸದ್ದಿನ ಜೊತೆ ಸ್ಪರ್ಶ, ನೋವಿನ ಸುದ್ದಿಯೂ ಬರುತ್ತದೆ, ಅದು ಕಾರ್ಟೆಕ್ಸ್‌ನ ಹಲವು ಕಡೆಗೆ ಹರಡುತ್ತದೆ, ಜೊತೆಗೆ ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾಗೂ ನೇರ ಕೊಂಡಿ ಇಟ್ಟುಕೊಂಡಿದೆ. 1980ರ ದಶಕದಲ್ಲಿ ನರವಿಜ್ಞಾನಿ ಜೋಸೆಫ್ ಲಡೂ ಇಲಿಗಳಿಗೆ ಒಂದು ಸದ್ದು ಕೇಳಿಸಿ ಹಿಂದೆಯೇ ಸಣ್ಣ ಶಾಕ್ ಕೊಟ್ಟರು. ಶ್ರವಣ ಕಾರ್ಟೆಕ್ಸ್ ಇಲ್ಲದ ಇಲಿಗಳೂ ಆ ಸದ್ದಿಗೆ ಹೆದರುವುದನ್ನು ಕಲಿತವು. ಥಲಾಮಸ್‌ನ ಶ್ರವಣ ಭಾಗಕ್ಕೆ ಹಾನಿಯಾಗಿದ್ದ ಇಲಿಗಳು ಕಲಿಯಲಿಲ್ಲ. ಏನು ಸದ್ದು ಅಂತ ಸರಿಯಾಗಿ ಗುರುತಿಸುವ ಮೊದಲೇ ಎದೆ ಧಸಕ್ ಅನ್ನುತ್ತದೆ ಅಲ್ವಾ, ಅದಕ್ಕೆ ಇಂಥ ಅಡ್ಡದಾರಿಯೂ ಒಂದು ಕಾರಣ ಇರಬಹುದು.

ಕೊನೆಯ ಹೆಜ್ಜೆ ಅಂತ ಎಲ್ಲರೂ ಹೇಳುವುದು ಕಾರ್ಟೆಕ್ಸ್. ನನಗೆ ಅದನ್ನು ಕೊನೆ ಅನ್ನಲು ಮನಸ್ಸಿಲ್ಲ. ಅಲ್ಲಿಂದ ಥಲಾಮಸ್‌ಗೆ ವಾಪಸ್ ಬರುವ ತಂತುಗಳಿವೆ, ಅವು ಮೇಲೆ ಹೋಗುವ ತಂತುಗಳಿಗಿಂತ ಎಷ್ಟೋ ಜಾಸ್ತಿ. ಥಲಾಮಸ್ ಸುತ್ತ ರೆಟಿಕ್ಯುಲರ್ ನ್ಯೂಕ್ಲಿಯಸ್ ಅನ್ನುವ ತೆಳ್ಳನೆಯ ಪದರವಿದೆ, ಅದರ ಕೆಲಸವೇ ತಡೆಯುವುದು. ಇವೆರಡೂ ಸೇರಿ ಯಾವ ಸಂಕೇತ ಜೋರಾಗಿ ಮೇಲೆ ಹೋಗಬೇಕು, ಯಾವುದು ತಗ್ಗಬೇಕು ಅನ್ನುವುದನ್ನು ಕ್ಷಣಕ್ಷಣಕ್ಕೂ ಬದಲಾಯಿಸುತ್ತಿರುತ್ತವೆ. ನೀವು ಎಚ್ಚರವಾಗಿದ್ದೀರಾ, ನಿದ್ದೆಯಲ್ಲಿದ್ದೀರಾ, ಯಾವುದರ ಮೇಲೆ ಗಮನ ಇಟ್ಟಿದ್ದೀರಿ ಅನ್ನುವುದೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಇದನ್ನು ತಿಳಿದರೆ ಒಂದು ಉಪಯೋಗವಿದೆ. ಹೆಡ್‌ಫೋನ್ ಹಾಕಿ 'ಬೀಪ್' ಕೇಳಿಸುವ ಪರೀಕ್ಷೆ ಎಷ್ಟು ಮೆಲ್ಲನೆಯ ದನಿ ಕೇಳಿಸುತ್ತದೆ ಅಂತಷ್ಟೇ ಹೇಳುತ್ತದೆ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಸದ್ದಿಗೆ ನರಗಳ ಪ್ರತಿಕ್ರಿಯೆ ಅಳೆಯುವ ಬೇರಾ (BERA) ಪರೀಕ್ಷೆ ನೋಡುವುದು ಸದ್ದಿನ ನಂತರದ ಮೊದಲ 10 ಮಿಲಿಸೆಕೆಂಡುಗಳನ್ನು, ಅಂದರೆ ಹೆಚ್ಚುಕಡಿಮೆ ಮೆದುಳುಕಾಂಡದವರೆಗಿನ ದಾರಿಯನ್ನು. ಎರಡೂ ಸರಿಯಾಗಿ ಬಂದರೂ ಗದ್ದಲದಲ್ಲಿ ಮಾತು ಹಿಡಿಯಲು ಆಗುತ್ತಿಲ್ಲ ಅಂದರೆ 'ನಿಮ್ಮ ಕಿವಿ ಚೆನ್ನಾಗಿದೆ' ಅನ್ನುವ ಮಾತಿಗೆ ಸುಮ್ಮನಾಗಬೇಡಿ. ಗದ್ದಲದ ನಡುವೆ ಮಾತು ಗುರುತಿಸುವ ಪರೀಕ್ಷೆ ಬೇರೆಯೇ ಇದೆ, ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಅದನ್ನು ಕೇಳಿ ಮಾಡಿಸಿಕೊಳ್ಳಿ.