ಹೊಸೂರಿಗೆ ಹೊಸಬರಿಗೆ: ಗೀಸರ್ ರಿಪೇರಿಗೆ ಕೇಳಿದ ದುಡ್ಡು ಸರಿಯಾ?

ಹೊಸೂರಿಗೆ ಬಂದವರಿಗೆ ಮೊದಲ ಡಿಸೆಂಬರಿನಲ್ಲೇ ಈ ಪ್ರಶ್ನೆ ಎದುರಾಗುತ್ತದೆ. ಚಳಿ ಶುರುವಾಗಿದೆ, ಗೀಸರ್ ಕೈಕೊಟ್ಟಿದೆ, ಮೆಕ್ಯಾನಿಕ್ ಬಂದು ಒಂದು ಮೊತ್ತ ಹೇಳಿದ್ದಾರೆ. ಕೊಡಬಹುದಾ? ನಮ್ಮ ಸಂಘಕ್ಕೆ ಫೋನ್ ಮಾಡುವವರು ಮೊದಲು ಹೇಳುವುದು ಆ ಮೊತ್ತವನ್ನೇ. ನಾವು ತಿರುಗಿ ಕೇಳುವುದು ಬೇರೆ: ಕೆಟ್ಟಿರುವುದು ಏನು? ಅದನ್ನು ನಿಮಗೆ ತೋರಿಸಿದರಾ? ಅದು ಗೊತ್ತಿಲ್ಲದಿದ್ದರೆ ಐನೂರೂ ಜಾಸ್ತಿಯೇ.

ಇಲ್ಲಿ ಗೀಸರಿನ ಶತ್ರು ನೀರು. ಕುಡಿಯಲು ಹೊಗೇನಕಲ್ ನೀರು ಸಿಕ್ಕರೂ ಬಚ್ಚಲಿಗೆ ಬರುವುದು ಸಾಮಾನ್ಯವಾಗಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು. ಗಡಸು ನೀರು. ಕಾದಾಗ ಅದರಲ್ಲಿರುವ ಸುಣ್ಣದ ಅಂಶ ಎಲಿಮೆಂಟಿನ (ನೀರು ಕಾಯಿಸುವ ಸುರುಳಿ) ಮೇಲೆ ಕೂರುತ್ತದೆ. ಬಿಚ್ಚಿದಾಗ ಪಕ್ಕದಲ್ಲೇ ನಿಂತು ನೋಡಿ. ಎಲಿಮೆಂಟಿನ ಸುತ್ತ ಬಿಳಿ ಹೆಕ್ಕಳೆ ಕಟ್ಟಿರುತ್ತದೆ, ಟ್ಯಾಂಕಿನ ನೀರು ಬಕೆಟ್ಟಿಗೆ ಬಗ್ಗಿಸಿದರೆ ತಳದಿಂದ ಪುಡಿ ಬೀಳುತ್ತದೆ. ನೀರು ಕಾಯುವುದು ನಿಧಾನವಾಗಿದೆ, ಒಳಗೆ ಕಟಕಟ ಸದ್ದು ಬರುತ್ತಿದೆ ಅಂದರೆ ಬಹಳ ಸಲ ಕಾರಣ ಇಷ್ಟೇ. ಕ್ಲೀನ್ ಮಾಡಿದರೆ ಸಾಕು, ಹೊಸ ಎಲಿಮೆಂಟ್ ಬೇಕಾಗುವುದಿಲ್ಲ.

ಎಲಿಮೆಂಟಿನ ಜೊತೆಗೇ ಒಂದು ಮೆಗ್ನೀಷಿಯಂ ಕಡ್ಡಿ ಇರುತ್ತದೆ, ಆನೋಡ್ ಅನ್ನುತ್ತಾರೆ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವುದೇ ಅದರ ಕೆಲಸ. ಬೆರಳಿನಷ್ಟು ದಪ್ಪ ಇದ್ದದ್ದು ತಂತಿಯಂತಾಗಿದ್ದರೆ ಬದಲಿಸಲೇಬೇಕು. ಅದಕ್ಕೆ ದುಡ್ಡು ಕೇಳಿದರೆ ಮೋಸ ಅಂದುಕೊಳ್ಳಬೇಡಿ. ನಿಜ ಹೇಳಬೇಕೆಂದರೆ, ಕೇಳದೆಯೇ ಆನೋಡ್ ತೋರಿಸುವ ಮೆಕ್ಯಾನಿಕ್ ಸಿಕ್ಕರೆ ಅವರ ನಂಬರ್ ಇಟ್ಟುಕೊಳ್ಳಿ.

ಎಲಿಮೆಂಟ್ ಸುಟ್ಟಿದೆ ಅಂದರೆ ಮಲ್ಟಿಮೀಟರ್ ಇಟ್ಟು ತೋರಿಸಿ ಅನ್ನಿ. 2000 ವ್ಯಾಟಿನ ಎಲಿಮೆಂಟ್ ಚೆನ್ನಾಗಿದ್ದರೆ, ವೈರ್ ಬಿಡಿಸಿ ಅಳೆದಾಗ ರೆಸಿಸ್ಟೆನ್ಸ್ ಸುಮಾರು 26 ಓಮ್ ಬರುತ್ತದೆ. 3000 ವ್ಯಾಟಿನದಾದರೆ 17–18. ಏನೂ ಬರದಿದ್ದರೆ ಒಳಗಿನ ಸುರುಳಿ ಕಡಿದಿದೆ, ಬದಲಿಸಿ. ಎಲಿಮೆಂಟಿನ ಪಿನ್ನಿಗೂ ಅದರ ಲೋಹದ ಮೈಗೂ ನಡುವೆ ಕನೆಕ್ಷನ್ ತೋರಿಸಿದರೂ ಬದಲಿಸಿ, ಅದು ಶಾಕ್ ಹೊಡೆಯುವ ಎಲಿಮೆಂಟ್. ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಮೀಟರ್ ತೆಗೆಯದೆಯೇ ‘ಎಲಿಮೆಂಟ್, ಥರ್ಮೋಸ್ಟಾಟ್, ಕಟೌಟ್ ಮೂರೂ ಹೋಗಿದೆ ಸಾರ್’ ಅನ್ನುವವರಿಗೆ ವಿಸಿಟ್ ಚಾರ್ಜ್ ಕೊಟ್ಟು ಕಳಿಸಿಬಿಡಿ. ಥರ್ಮೋಸ್ಟಾಟ್ ನೀರಿನ ಬಿಸಿಯನ್ನು ಹದದಲ್ಲಿಡುತ್ತದೆ, ಕಟೌಟ್ ನೀರು ಅತಿಯಾಗಿ ಕಾದರೆ ಕರೆಂಟ್ ಕಡಿಯುತ್ತದೆ. ಈ ಕಟೌಟ್ ಸುಮ್ನೆ ಟ್ರಿಪ್ ಆಗಿರಬಹುದು, ಕೆಲವು ಗೀಸರಿನಲ್ಲಿ ಸಣ್ಣ ಬಟನ್ ಒತ್ತಿದರೆ ಮತ್ತೆ ಕೂರುತ್ತದೆ. ಆದರೆ ಪದೇ ಪದೇ ಟ್ರಿಪ್ ಆದರೆ ಕಾರಣ ಹುಡುಕಬೇಕು. ಕವರ್ ನೀವೇ ಬಿಚ್ಚಲು ಹೋಗಬೇಡಿ.

ನೀರು ಸೋರುವುದರಲ್ಲಿ ಜಾಸ್ತಿ ದುಡ್ಡು ಹೋಗುತ್ತದೆ. ಕಾಯುವಾಗ ಮಾತ್ರ ಸೇಫ್ಟಿ ವಾಲ್ವಿನಿಂದ ನಾಲ್ಕು ಹನಿ ಬಿದ್ದರೆ ಅದು ರಿಪೇರಿಯೇ ಅಲ್ಲ. ಬಿಸಿ ನೀರು ಹಿಗ್ಗುತ್ತದೆ, ಒತ್ತಡ ಹೊರಗೆ ಹೋಗಬೇಕು, ಅಷ್ಟೇ. ಪೈಪ್ ಸೇರುವಲ್ಲಿ ಅಥವಾ ಎಲಿಮೆಂಟ್ ಕೂರುವ ಜಾಗದಲ್ಲಿ ಸೋರಿದರೆ ಸಣ್ಣ ಕೆಲಸ, ಗ್ಯಾಸ್ಕೆಟ್ (ಸೋರದಂತೆ ನಡುವೆ ಹಾಕುವ ರಬ್ಬರ್ ಬಿಲ್ಲೆ) ಬದಲಿಸಿದರೆ ಮುಗಿಯಿತು. ಟ್ಯಾಂಕೇ ತೂತಾಗಿದ್ದರೆ ಮಾತ್ರ ಯಾವ ರಿಪೇರಿಗೂ ಒಪ್ಪಬೇಡಿ. ಬೆಸುಗೆ, ಎಂ-ಸೀಲ್ ಯಾವುದೂ ಒತ್ತಡದ ಟ್ಯಾಂಕಿಗೆ ನಿಲ್ಲುವುದಿಲ್ಲ. ಮೊದಲು ವಾರಂಟಿ ಕಾರ್ಡ್ ತೆಗೆಯಿರಿ: ಟ್ಯಾಂಕಿಗೆ ಬೇರೆಯೇ ವಾರಂಟಿ ಇರುತ್ತದೆ, ಸಾಮಾನ್ಯವಾಗಿ ಉಳಿದ ಭಾಗಗಳಿಗಿಂತ ಹೆಚ್ಚು ವರ್ಷ.

ಇನ್ನು ಬಿಲ್ಲು. ವಿಸಿಟ್, ಬಿಡಿಭಾಗ, ಕೂಲಿ ಮೂರನ್ನೂ ಬೇರೆ ಬೇರೆ ಬರೆಸಿ. ಬಿಡಿಭಾಗದ ಪ್ಯಾಕೆಟ್ ಮೇಲಿನ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ, ಅದರ ಮೇಲೆ ಇನ್ನೊಮ್ಮೆ 18% ಹಾಕುವಂತಿಲ್ಲ. ಕೂಲಿಗೆ ಜಿಎಸ್‌ಟಿ ಹಾಕಿದರೆ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇರಲೇಬೇಕು. ಹಳೆಯ ಭಾಗವನ್ನು ನಿಮ್ಮ ಹತ್ತಿರವೇ ಬಿಟ್ಟುಹೋಗಲು ಹೇಳಿ. ಚೌಕಾಸಿ ಮಾಡುವುದಾದರೆ ಕೂಲಿಯಲ್ಲಿ ಮಾಡಿ, ಬಿಡಿಭಾಗದಲ್ಲಿ ಬೇಡ. ಅಲ್ಲಿ ಎಳೆದಾಡಿದರೆ ಡೂಪ್ಲಿಕೇಟ್ ಹಾಕಿಹೋಗುತ್ತಾರೆ. ಏಳೆಂಟು ವರ್ಷದ ಗೀಸರಿಗೆ ಹೊಸದರ ಅರ್ಧ ಬೆಲೆ ಕೇಳಿದರೆ, ನಮ್ಮ ಅಭಿಪ್ರಾಯ, ಹೊಸದನ್ನೇ ಕೊಳ್ಳಿ. ಬಾಡಿಗೆ ಮನೆಯಾದರೆ ಒಪ್ಪುವ ಮೊದಲು ಓನರಿಗೆ ಒಂದು ಫೋನ್ ಮಾಡಿ.

ಬೆಂಗಳೂರಿನಿಂದ ಗೀಸರ್ ಬಿಚ್ಚಿಕೊಂಡು ಬಂದವರು ಗಮನಿಸಿ: ಕಂಪನಿಗೆ ಕಂಪ್ಲೇಂಟ್ ಕೊಡುವಾಗ ಹಳೆಯ 560ರ ಪಿನ್‌ಕೋಡ್ ಬೇಡ, ಇಲ್ಲಿಯ 635ರದ್ದು ಕೊಡಿ. ಇಲ್ಲದಿದ್ದರೆ ಗಡಿಯ ಆಚೆಯ ಸರ್ವಿಸ್ ಸೆಂಟರಿಗೆ ಹೋಗಿ ಅಲ್ಲೇ ಕೂತಿರುತ್ತದೆ. ಕಂಪನಿಯ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ನಕಲಿ ಕಸ್ಟಮರ್ ಕೇರ್‌ಗಳು ಬೇಕಾದಷ್ಟಿವೆ. ವಾರಂಟಿ ಕಾರ್ಡಿನಲ್ಲಿ ಇರುವುದಕ್ಕೇ ಮಾಡಿ. ಭಾಷೆಯ ಚಿಂತೆ ಬೇಡ, ಊರಿನ ಮೆಕ್ಯಾನಿಕ್‌ಗಳಲ್ಲಿ ಕನ್ನಡ ಬರುವವರು ಸಿಗುತ್ತಾರೆ. ದುಡ್ಡು ಕೊಟ್ಟ ಮೇಲೂ ಕೆಲಸ ಆಗದಿದ್ದರೆ, ಬಿಲ್ ಕೈಯಲ್ಲಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೇ ದೂರು ಕೊಡಬಹುದು.